ಶರಣಪ್ಪನವರ ಕೈಗುಣ

ಹೋದ ವಾರ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದೆ. ತುಂತುರು ಮಳೆ ಹಿಡಿದಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸಿನ ಕಾಲ ಬಳಿ ಒಂದು ಗೋಣಿಚೀಲ ನೆನೆಯುತ್ತಿತ್ತು. ಒದ್ದೆ ಗೋಣಿಯ ವಾಸನೆ ನನಗೇನು ಹೊಸದಲ್ಲ. ಸಿಂಧನೂರಿನ ರೈಸ್‌ಮಿಲ್ಲುಗಳ ಸಾಲಿನಲ್ಲಿ ನಮ್ಮದು ಖಾಲಿ ಚೀಲದ ಅಂಗಡಿ. ಆ ವಾಸನೆಯಲ್ಲೇ ನನ್ನ ಹೊಟ್ಟೆಪಾಡು. ಆದರೆ ಮಸ್ಕಿಯಲ್ಲಿ, ಮಳೆಯಲ್ಲಿ, ಆ ಚೀಲ ನೋಡಿದ ಕೂಡಲೇ ಮೂರು ವರ್ಷದ ಹಿಂದಿನ ಮಳೆಗಾಲ ಎದ್ದು ಎದುರಿಗೆ ಕುಳಿತಿತು. ಇಂಥ ನೆನಪು ಬಂದರೆ ಬೇರೆಯವರು ಕಣ್ಣೊರೆಸಿಕೊಳ್ಳುತ್ತಾರೇನೋ. ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಜೀವಂತ ಇದೆಯಲ್ಲ ಎಂದು ಸಮಾಧಾನವೂ ಆಯಿತು.

ಶುರುವಾದದ್ದು ಅದಕ್ಕೂ ಒಂದು ವರ್ಷ ಮೊದಲು. ನನ್ನ ಗಂಡ ಶರಣಪ್ಪ ತೀರಿಕೊಂಡು ಎರಡನೇ ವರ್ಷ ನಡೆದಿತ್ತು. ಅಂಗಡಿಯ ಗಲ್ಲೆಯಲ್ಲಿ ನಾನು ಕೂರುತ್ತಿದ್ದೆ. ನಮ್ಮ ಅತ್ತೆ ಬಸಮ್ಮ ಹಿಂದೆ ಚೀಲದ ರಾಶಿಯ ನೆರಳಿನಲ್ಲಿ ಕುಳಿತು, ದಬ್ಬಣಕ್ಕೆ ಸುತಳಿ ಪೋಣಿಸಿ ಹರಿದ ಚೀಲಗಳಿಗೆ ತೇಪೆ ಹಾಕುತ್ತಿದ್ದರು. ಮಿಲ್ಲಿನವರಿಗೆ, ಹಮಾಲರಿಗೆ, ಎಲ್ಲರಿಗೂ ಗೊತ್ತಿದ್ದದ್ದು ಗಂಡನ ಫೋನ್ ನಂಬರು. ಹಾಗಾಗಿ ಆ ಫೋನು ನನ್ನ ಕೈಗೆ ಬಂತು. ವಾಟ್ಸಾಪಿನಲ್ಲಿ ಅವರ ಹೆಸರು, ಅವರ ಫೋಟೋ ಹಾಗೇ ಉಳಿದವು. ಮೊದಮೊದಲು ತೆಗೆಯಲು ಮನಸ್ಸೇ ಬರಲಿಲ್ಲ. ಆಮೇಲೆ ತೆಗೆಯುವ ಜರೂರತ್ತು ಕಾಣಲಿಲ್ಲ. ಮೀಸೆಯ ಫೋಟೋ ಇದ್ದರೆ ಎಷ್ಟು ಸುಖ ನೋಡಿ: ಹೊತ್ತಲ್ಲದ ಹೊತ್ತಿನಲ್ಲಿ ‘ಊಟ ಆತೇನ್ರಿ’ ಎಂದು ವಿಚಾರಿಸುವ ಪರಗಂಡಸರ ಕಾಟವೇ ಇಲ್ಲ.

ಮಳೆಗಾಲದಲ್ಲಿ ಚೀಲದ ವ್ಯಾಪಾರ ಮಂಕು. ಭತ್ತ ಕೊಯ್ಲಿಗೆ ಬಂದಾಗಲೇ ನಮಗೆ ಉಸಿರಾಡಲು ಪುರಸೊತ್ತಿಲ್ಲದಷ್ಟು ಕೆಲಸ. ಅಂಥ ಖಾಲಿ ದಿನಗಳಲ್ಲಿ ಯಾರೋ ಮಿಲ್ಲಿನ ಕಡೆಯವರು ಒಂದು ಲಿಂಕು ಕಳಿಸಿದರು. ಒತ್ತಿದೆ. ‘ಮೂರೂರ ಅಂಗಳ’ ಎಂಬ ಗ್ರೂಪು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಸುತ್ತಲ ಹಳ್ಳಿಗಳ ಗಿಡದ ಹುಚ್ಚರೆಲ್ಲ ಅಲ್ಲಿದ್ದರು. ಅಡ್ಮಿನ್ ಲಿಂಗಸುಗೂರಿನ ಗಿರಿಜಕ್ಕ. ದೊಡ್ಡ ಮನೆ, ಹೊಲ, ಅಂಗಳದ ತುಂಬ ಕುಂಡ. ದಿನಾ ಬೆಳಿಗ್ಗೆ ಒಂದು ಉದ್ದನೆಯ ವಾಯ್ಸ್ ಮೆಸೇಜು. ಅಲ್ಲಿ ಕಾಯ್ದೆ ಒಂದೇ: ರೊಕ್ಕದ ಮಾತು ಎತ್ತಬಾರದು. ನೀನು ಒಂದು ಕಡ್ಡಿ ಕೊಡು, ನಾನು ಒಂದು ಕಡ್ಡಿ ಕೊಡುತ್ತೇನೆ. ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗೋಣಿಯಲ್ಲಿ ಹೊಲಿದು, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಕೆಂಪು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಬಸ್ಸಿನ ಮುಂಭಾಗದ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮುಗಿಯಿತು. ಆ ತುದಿಯಲ್ಲಿ ಯಾರೋ ಕಿಟಕಿಯ ಕೆಳಗೆ ಕೈ ಚಾಚಿ ನಿಂತಿರುತ್ತಿದ್ದರು.

ನನ್ನ ಹಿತ್ತಲಲ್ಲಿ ಇರುವುದು ಒಂದು ಪತ್ರಿ ಗಿಡ. ಬಿಲ್ವಪತ್ರಿ ಎಂದರೆ ಮೂರೆಲೆ ಎಂದು ಎಲ್ಲರಿಗೂ ಗೊತ್ತು. ನಮ್ಮದು ಐದೆಲೆಯದು. ಬೀಜ ಹಾಕಿದರೆ ಮತ್ತೆ ಮೂರೆಲೆಗೇ ತಿರುಗುತ್ತದೆ, ಕಡ್ಡಿ ನೆಟ್ಟರೆ ಕೊಳೆಯುತ್ತದೆ. ಅದಕ್ಕೆ ಇರುವ ದಾರಿ ಬೇರು. ಬುಡದಿಂದ ಮಾರು ದೂರದಲ್ಲಿ ಮಣ್ಣು ಸರಿಸಿ, ಬೆರಳು ದಪ್ಪದ ಬೇರು ಹುಡುಕಿ, ಅದಕ್ಕೆ ಸಣ್ಣ ಗಾಯ ಮಾಡಿ ಮತ್ತೆ ಮುಚ್ಚಬೇಕು. ಆ ಗಾಯದಲ್ಲಿ ಚಿಗುರು ಬರುತ್ತದೆ. ಚಿಗುರು ತನ್ನ ಕಾಲ ಮೇಲೆ ತಾನು ನಿಂತ ಮೇಲೆ ತಾಯಿಬೇರು ಕತ್ತರಿಸಿ, ಮಣ್ಣಿನ ಹೆಂಟೆ ಒಡೆಯದಂತೆ ಎತ್ತಿ ಚೀಲಕ್ಕೆ ಇಳಿಸಬೇಕು. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಸಾಯಿಸಿ ಸಾಯಿಸಿ ಕಲಿತೆ. ನಮ್ಮ ಯಜಮಾನರಂತೂ ಬದುಕಿದ್ದಾಗ ಒಂದು ಚೊಂಬು ನೀರು ಹಾಕಿದವರಲ್ಲ. “ಬರೇ ಎಲಿ ಉದುರ್ತಾವ, ಕಡಿಸಿಬಿಡೂಣು” ಎಂದು ವರ್ಷಕ್ಕೊಮ್ಮೆ ಕೊಡಲಿ ಹುಡುಕುತ್ತಿದ್ದರು. ಕೊಡಲಿ ನಾನು ಬಚ್ಚಿಟ್ಟಿದ್ದೆ, ಹಾಗಾಗಿ ಗಿಡ ಉಳಿಯಿತು.

ಐದೆಲೆಯ ಫೋಟೋ ಹಾಕಿದ ದಿನ ಗ್ರೂಪಿನಲ್ಲಿ ಗದ್ದಲವೋ ಗದ್ದಲ. ‘ಶರಣಪ್ಪ ಅಣ್ಣಾರ, ನನಗೊಂದು’, ‘ಅಣ್ಣಾರ, ನಮ್ಮ ಮನಿ ದೇವರಿಗೆ’. ಆ ವರ್ಷದ ಮಳೆಯಲ್ಲಿ ಎಬ್ಬಿಸಿದ ಸಸಿಗಳನ್ನು ಒಂದೊಂದಾಗಿ ಬಸ್ಸಿಗೆ ಹಾಕಿದೆ. ಹೋದವೆಲ್ಲ ಹತ್ತಿದವು. ಗಿರಿಜಕ್ಕನ ವಾಯ್ಸ್ ಮೆಸೇಜು ಬಂತು: “ಶರಣಪ್ಪ ಅಣ್ಣಾರ ಕೈಗುಣಾನೇ ಕೈಗುಣ ನೋಡ್ರಿ! ಒಂದೂ ಬಾಡಿಲ್ಲ!” ಅದನ್ನು ಕೇಳಿ ನಾನು ಅಂಗಡಿಯಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ನಕ್ಕು ಮುಗಿದ ಮೇಲೆ ಒಳಗೊಳಗೇ ಉರಿಯಿತು. ನನ್ನ ಕೈ, ಅವರ ಗುಣ.

ಬದಲಿಗೆ ನನಗೂ ಗಿಡಗಳು ಬಂದವು. ಗಿರಿಜಕ್ಕ ಕಾಕಡ ಮಲ್ಲಿಗೆ ಕಳಿಸಿದರು. ಪಾಮನಕಲ್ಲೂರಿನ ಅಂಗನವಾಡಿ ಟೀಚರು ಹುಲಿಗೆಮ್ಮ ತಮ್ಮ ಬೆದ್ದಲು ಹೊಲದ ಬದುವಿನಿಂದ ಮಂಗರಬಳ್ಳಿ ಕಳಿಸಿದಳು, ಚಟ್ನಿ ಮಾಡುವ ಬಗೆಯನ್ನೂ ಸೇರಿಸಿ. ಮಲ್ಲಿಗೆ ಮೊಗ್ಗು ಬಿಟ್ಟ ದಿನ ಅತ್ತೆ ದಬ್ಬಣ ನಿಲ್ಲಿಸಿ ಕೇಳಿದರು:

“ಹೂವಿನ ಗಿಡ ತರಿಸೀಯಲ್ಲ, ಯಾರ ತಲಿಗೆ ಮುಡಸ್ತಿ? ಈ ಮನ್ಯಾಗ ಇರೂರು ನಾವಿಬ್ರು ಹಣಿ ಖಾಲಿ ಇರೂರು.”

“ಗಿಡಾನ ಮುಡ್ಕೊಂಡಿರ್ಲಿ ಬಿಡ್ರಿ ಅತ್ತಿ. ನಾವೇನ್ ಅದಕ್ಕ ಬ್ಯಾಡ ಅನ್ನೂರು?” ಎಂದೆ.

ಮುಂದಿನ ಆಷಾಢ ಮುಗಿಯುತ್ತ ಬಂದಾಗ ಗಿರಿಜಕ್ಕನ ಹೊಸ ಹುಕುಂ ಬಂತು. “ಏನ್ರಿ ಎಲ್ಲಾರೂ, ಬಸ್ಸಿನಾಗ ಕಳಿಸಿ ಕಳಿಸಿ ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಶ್ರಾವಣ ಹತ್ತೂದ್ರಾಗ ಮಸ್ಕ್ಯಾಗ ಕೂಡೂಣು, ಮೂರೂ ಊರಿಗೆ ನಡಕ ಆಗ್ತೈತಿ. ಗಿಡ ಅಂದ್ರ ಮನಿ ಮಗಳಿದ್ದಂಗ್ರಿ, ಬರಿಗೈಲೆ ಕಳಸಬಾರ್ದು. ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕೊಡೂಣು. ಶರಣಪ್ಪ ಅಣ್ಣಾರ, ಮೊದಲ ಪತ್ರಿ ನಿಮ್ದಾ. ವೈನಿಯವರನ್ನ ಕರಕೊಂಡಾ ಬರಬೇಕು. ಅವರ ಕೈಲೇ ಉಡಿ ತುಂಬಸ್ತೀವಿ.”

ಆ ಮೆಸೇಜನ್ನು ಎಷ್ಟೋ ಸಲ ಕೇಳಿದೆ. ಹೋಗದೆ ಇರಬಹುದಿತ್ತು. ಹುಷಾರಿಲ್ಲ ಎಂದು ಶರಣಪ್ಪನವರ ಹೆಸರಿನಲ್ಲೇ ಒಂದು ಸಾಲು ಬರೆದು, ಸಸಿಗಳನ್ನು ಎಂದಿನಂತೆ ಬಸ್ಸಿಗೆ ಹಾಕಿದ್ದರೆ ಎಲ್ಲವೂ ಸುಸೂತ್ರ. ಆದರೆ ಆ ವರ್ಷ ನಾನು ಎಬ್ಬಿಸಿದ ಸಸಿಗಳಷ್ಟು ಚೆಂದದ ಸಸಿಗಳನ್ನು ಹಿಂದೆ ಎಂದೂ ಎಬ್ಬಿಸಿರಲಿಲ್ಲ. ಅವನ್ನು ನನ್ನ ಕೈಯಾರೆ ಕೊಡಬೇಕು, ಇವು ನಾನು ಮಾಡಿದ್ದು ಎಂದು ನಾಲ್ಕು ಜನರ ಎದುರು ಹೇಳಬೇಕು ಎಂಬ ಆಸೆ ಹುಟ್ಟಿಬಿಟ್ಟಿತು. ಹುಟ್ಟಿದರೆ ತಪ್ಪೇನು?

ಅತ್ತೆ ಕೇಳಿ ಕೆಂಡವಾದರು. “ಹೋಗಬ್ಯಾಡ. ಮುತ್ತೈದಿಯರು ಉಡಿ ತುಂಬೂ ಜಾಗಾ ಅದು. ನಮ್ಮಂಥಾರು ಕರೀಲಾರ್ದ ಹೋಗಬಾರ್ದು, ಕರದ್ರೂ ಹೋಗಬಾರ್ದು.”

“ಗಿಡ ನಂದ್ರಿ.”

“ಗಿಡ ನಿಂದಾ. ಮಂದಿ ನಿನ್ನವರಲ್ಲ.”

ಅತ್ತೆ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಯಾವ ಮನೆಯ ಸಮಾರಂಭಕ್ಕೆ ಹೋದರೂ, ಆರತಿ ತಟ್ಟೆ ಹೊರಬರುವ ಮೊದಲೇ ಯಾರೂ ಹೇಳದೆ ತಾವಾಗಿ ಒಳಗೆ ಸರಿದುಬಿಡುತ್ತಿದ್ದರು. ಅವರ ಮಗನ ಮದುವೆಯಲ್ಲೂ, ಅಂದರೆ ನನ್ನ ಮದುವೆಯಲ್ಲೂ, ಅಕ್ಕಿಕಾಳು ಬೀಳುವ ಹೊತ್ತಿಗೆ ಅವರು ಅಡುಗೆಮನೆಯಲ್ಲಿದ್ದರು. ನನಗೆ ಅದು ಆಗ ಗೊತ್ತೂ ಆಗಿರಲಿಲ್ಲ. ಅವರ ಮಾತಿನಲ್ಲಿ ನನ್ನ ಮೇಲಿನ ಕಾಳಜಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಹೋದೆ.

ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಲ್ಯಾಣಮಂಟಪದ ಅಂಗಳ. ಜಮಖಾನ ಹಾಸಿದ್ದರು. ಸುತ್ತಲೂ ಕುಂಡ, ಡಬ್ಬಿ, ಬಕೆಟ್ಟು, ಒಡೆದ ಕೊಡ, ಎಲ್ಲದರಲ್ಲೂ ಗಿಡ. ನಾನು ಚೀಲ ಹೊತ್ತು ಒಳಗೆ ಕಾಲಿಟ್ಟೆ. ದನಿಯಿಂದಲೇ ಗಿರಿಜಕ್ಕನ ಗುರುತು ಸಿಕ್ಕಿತು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ, ನಗುಮುಖ. ಐದೆಲೆ ನೋಡಿದವರೇ ಓಡಿ ಬಂದರು.

“ವೈನಿಯವರೇನ್ರಿ? ಬರ್ರಿ ಬರ್ರಿ! ಅಣ್ಣಾರು ಎಲ್ಲದಾರ?” ಎಂದು ನನ್ನ ಹಿಂದೆ ಇಣುಕಿದರು. ಆಮೇಲೆ ಅವರ ಕಣ್ಣು ನನ್ನ ಹಣೆಗೆ ಬಂತು. ಅಲ್ಲಿ ಇದ್ದದ್ದು ವಿಭೂತಿ ಮಾತ್ರ.

“ಅವರು ತೀರಿಕೊಂಡು ಎರಡು ವರ್ಷ ಆತ್ರಿ,” ಎಂದೆ.

“ಏನಂತೀರಿ! ಮೊನ್ನಿ ಸೋಮವಾರ ನನಗ ಮೆಸೇಜ್ ಹಾಕ್ಯಾರ!”

“ಹಾಕಿದಾಕಿ ನಾನಾ. ಬೇರು ಕಡದಾಕಿ, ಸಸಿ ಎಬ್ಬಿಸಿದಾಕಿ, ಚೀಲ ಹೊಲದಾಕಿ, ಎಲ್ಲಾ ನಾನಾ. ನನ್ನ ಹೆಸರು ನೀಲಮ್ಮ.”

ಮೂಲೆಯಲ್ಲಿ ಕುಳಿತಿದ್ದ ಒಬ್ಬಳು ಹೋ ಎಂದು ನಕ್ಕಳು. “ಯವ್ವಾ ಯವ್ವಾ! ಅಂದ್ರ ನಾವು ಇಷ್ಟು ದಿನ ಸತ್ತಾರಿಗೆ ಗುಡ್ ಮಾರ್ನಿಂಗ್ ಹೇಳೀವೇನ?” ಅವಳೇ ಹುಲಿಗೆಮ್ಮ. ಅವಳ ಜೊತೆ ಮತ್ತಾರೂ ನಗಲಿಲ್ಲ.

“ಮೊದಲಾ ಹೇಳಬಾರದಿತ್ತೇನವಾ?” ಎಂದರು ಗಿರಿಜಕ್ಕ. ‘ರಿ’ ಬಿಟ್ಟುಹೋಗಿತ್ತು.

“ನೀವು ಕೇಳ್ಲಿಲ್ರಿ. ಅಣ್ಣಾರಿಗೆ ಹೆಂಡ್ತಿ ಅದಾಳ ಅಂತ ಗೊತ್ತಿತ್ತು. ಆಕಿ ಹೆಸರೇನು ಅಂತ ಒಬ್ಬರೂ ಕೇಳ್ಲಿಲ್ಲ.”

ಅವರು ಜಗಳ ತೆಗೆದಿದ್ದರೆ ನನಗೆ ಹಗುರವಾಗುತ್ತಿತ್ತು. ಜಗಳ ನನಗೆ ಬರುತ್ತದೆ, ಹಮಾಲರ ಜೊತೆ ದಿನಾ ಆಡುತ್ತೇನೆ. ಗಿರಿಜಕ್ಕ ಹಾಗೆ ಮಾಡಲಿಲ್ಲ. ನನ್ನ ತೋಳು ಹಿಡಿದು, ತಂಗಿಗೆ ಬುದ್ಧಿ ಹೇಳುವವರ ಹಾಗೆ ಮೆತ್ತಗೆ ಹೇಳಿದರು: “ನೀ ಬ್ಯಾಸರ ಮಾಡ್ಕೋಬ್ಯಾಡ ತಂಗಿ. ನಿನ್ನ ಪತ್ರಿ ಎಲ್ಲಾರಿಗೂ ಬೇಕು. ಆದ್ರ ಶ್ರಾವಣ ಬಂತು, ಇಲ್ಲಿರೂರು ಎಲ್ಲಾ ಮುತ್ತೈದಿಯರು. ಹಿಂಗ ಮಾಡು, ಸಸಿ ಕೆಳಗ ಇಟ್ಟುಬಿಡು. ನಾ ಎತ್ತಿ ಎಲ್ಲಾರ ಉಡ್ಯಾಗ ಹಾಕ್ತೀನಿ. ತಕರಾರೇ ಇಲ್ಲ.”

ಗಿಡ ಬೇಕು, ಕೈ ಬೇಡ. ನಡುವೆ ಒಂದಿಷ್ಟು ನೆಲ ಇದ್ದರೆ ಸಾಕು, ಎಲ್ಲ ಶುದ್ಧ! ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಎದೆಗವಚಿಕೊಂಡೆ.

“ಅಕ್ಕಾರ, ನನ್ನ ಕೊರಳಾಗೂ ಲಿಂಗ ಐತಿ. ದಿನಾ ಮುಂಜಾನೆ ಇದಾ ಗಿಡದ ಪತ್ರಿ, ಇದಾ ಕೈಲೇ ಏರಸ್ತೀನಿ. ಶಿವ ಒಂದಿನಾನೂ ಕೆಳಗ ಇಟ್ಟು ಸರಿ ಅಂದಿಲ್ಲ. ನೀವು ಅನ್ನಾಕತ್ತೀರಿ. ಕೈಲೇ ತಗೊಳ್ಳೂರಿದ್ರ ತಗೋರ್ರಿ. ಇಲ್ಲಾ, ಬಂದಂಗ ಬಸ್ಸಿಗೆ ಒಯ್ತೀನಿ.”

ಒಬ್ಬರು ತಮ್ಮ ಕುಂಡದ ಮಣ್ಣು ಕೆದಕತೊಡಗಿದರು, ಇನ್ನೊಬ್ಬರು ಫೋನು ತೆಗೆದರು. ಬಾಡಿದ ಮೋರೆ ಮಾಡಿಕೊಂಡು ಸಸಿಗಳನ್ನೇ ನೋಡುತ್ತಿದ್ದವರೂ ಇದ್ದರು. ಅವರಿಗೆ ಆಸೆ ಇತ್ತು, ಧೈರ್ಯ ಇರಲಿಲ್ಲ. ಹುಲಿಗೆಮ್ಮ ಎದ್ದು ಬಂದು ಸೆರಗು ಒಡ್ಡಿದಳು.

“ನನ್ನ ಉಡಿಗೆ ಹಾಕವಾ. ನಮ್ಮೂರ ಬಿಸಿಲಿಗೆ ಇದು ಯಾರ ಕೈ ಅಂತ ಗೊತ್ತಾಗಂಗಿಲ್ಲ. ನೀರು ಹಾಕೂರಿದ್ರ ಸಾಕು.”

ಅವಳ ಉಡಿಗೆ ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ, ಮೇಲೆ ಐದೆಲೆ ಪತ್ರಿ ಇಟ್ಟೆ. ಉಳಿದ ಸಸಿಗಳನ್ನೆಲ್ಲ ಹೊತ್ತುಕೊಂಡು ಹೊರಬಿದ್ದೆ. ಸಿಂಧನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಮೇಲೆ ಕಣ್ಣೀರು ಬಂತು, ಸುಳ್ಳೇಕೆ ಹೇಳಲಿ. ಸೆರಗಿನಿಂದ ಮುಖ ಒರೆಸಿಕೊಂಡು, ತೊಡೆಯ ಮೇಲಿನ ಸಸಿಗಳ ಜೊತೆ ನನ್ನದೇ ಒಂದು ಫೋಟೋ ತೆಗೆದುಕೊಂಡೆ. ಕಣ್ಣು ಕೆಂಪಗಿತ್ತು, ಇರಲಿ ಎಂದೆ. ಶರಣಪ್ಪನವರ ಫೋಟೋ ತೆಗೆದು ಅದನ್ನು ಹಾಕಿದೆ. ಹೆಸರು ನೀಲಮ್ಮ ಎಂದು ಬದಲಿಸಿದೆ. ಗ್ರೂಪಿಗೆ ಬರೆದೆ: ‘ಇನ್ನು ಮುಂದೆ ನನ್ನ ಪತ್ರಿ ಬಸ್ಸಿಗೆ ಬರುವುದಿಲ್ಲ. ಬೇಕಾದವರು ಸಿಂಧನೂರಿಗೆ ಅಂಗಡಿಗೆ ಬರ್ರಿ. ನನ್ನ ಕೈಯಿಂದ ಉಡಿ ತುಂಬಿಸಿಕೊಂಡು ಒಯ್ಯಿರಿ. ಕೆಳಗಿಟ್ಟು ಕೊಡುವುದಿಲ್ಲ.’

ಗಿರಿಜಕ್ಕ ಅದಕ್ಕೆ ಉತ್ತರ ಕೊಡಲಿಲ್ಲ, ನನ್ನನ್ನು ತೆಗೆದೂ ಹಾಕಲಿಲ್ಲ. ಬೇರೆ ಯಾರೂ ಏನೂ ಬರೆಯದ ಹಾಗೆ ಗ್ರೂಪಿಗೆ ಬೀಗ ಹಾಕಿದರು, ತಾವೂ ವಾಯ್ಸ್ ಮೆಸೇಜು ನಿಲ್ಲಿಸಿದರು. ಪಾಪ, ಯೋಚಿಸಲಿಲ್ಲ ಅವರು. ಬೀಗ ಹಾಕಿದ ಮೇಲೆ ಎಲ್ಲಕ್ಕಿಂತ ಕೊನೆಗೆ ಉಳಿದದ್ದು ನನ್ನ ಮೆಸೇಜೇ. ಯಾರು ಗ್ರೂಪು ತೆರೆದರೂ ಮೊದಲು ಅದೇ ಕಣ್ಣಿಗೆ ಬೀಳಬೇಕು.

ಸ್ವಲ್ಪ ದಿನಕ್ಕೆ ಹುಲಿಗೆಮ್ಮನ ಫೋನು ಬಂತು. “ಕೇಳಿಲ್ಲಿ, ನಿನ್ನ ಗಿಡ ಕಿತ್ತು ಮತ್ತ ಹಚ್ಚಾಕತ್ತಾರ!” ಹಿಂದಿನ ವರ್ಷ ಶರಣಪ್ಪನವರು ಕಳಿಸಿದ ಪತ್ರಿ ಈಗ ವಿಧವೆಯ ಕೈಯದು ಎಂದು ಗೊತ್ತಾಯಿತಲ್ಲ. ಗಿರಿಜಕ್ಕ ಒಬ್ಬ ಹಿರಿ ಮುತ್ತೈದೆಯನ್ನು ಕರೆಸಿ, ಮೊಣಕಾಲೆತ್ತರ ಬೆಳೆದಿದ್ದ ಗಿಡವನ್ನು ಬುಡಸಮೇತ ಕೀಳಿಸಿ, ಗುಂಡಿಗೆ ಅರಿಶಿನ ಕುಂಕುಮ ಹಾಕಿಸಿ, ಅವಳ ಕೈಯಿಂದ ಅದೇ ಗುಂಡಿಗೆ ಮತ್ತೆ ನೆಡಿಸಿದ್ದರು. ಅವರನ್ನು ನೋಡಿ ಇನ್ನೂ ಕೆಲವರು ಹಾಗೇ ಮಾಡಿದ್ದರು. ನಾನು ಫೋನಿನಲ್ಲೇ ಕಿರುಚಿದೆ. ಪತ್ರಿಯ ಬೇರು ಒಮ್ಮೆ ನೆಲ ಹಿಡಿದ ಮೇಲೆ ಕದಲಿಸಬಾರದು, ಸಣ್ಣ ಬೇರುಗಳು ಹರಿದರೆ ಉಳಿಯುವುದಿಲ್ಲ. ನನ್ನನ್ನು ಏನಾದರೂ ಅಂದುಕೊಳ್ಳಲಿ, ಆ ಗಿಡ ಯಾರಿಗೆ ಏನು ಮಾಡಿತ್ತು?

ಶ್ರಾವಣ ಹತ್ತಿತು. ಕಾಲುವೆಗೆ ನೀರು ಬಿಟ್ಟರು, ಗದ್ದೆಗಳಲ್ಲಿ ನಾಟಿ ಶುರುವಾಯಿತು. ಅಂಗಡಿಯ ಮುಂದೆ ನನ್ನ ಸಸಿಗಳು ಸಾಲಾಗಿ ಗೋಣಿಯ ತುಂಡುಗಳಲ್ಲಿ ನಿಂತಿದ್ದವು. ಮೊದಲು ಬಂದವಳು ತುರ್ವಿಹಾಳದಿಂದ, ನಾಟಿ ಕೆಲಸದ ಕೆಸರು ಕಾಲಿನಲ್ಲೇ. ಹುಲಿಗೆಮ್ಮ ಹೇಳಿ ಕಳಿಸಿದ್ದಳಂತೆ. “ಉಡಿ ತುಂಬ್ತಾರಂತಲ್ರಿ ಇಲ್ಲಿ?” ಎಂದು ಸೆರಗು ಒಡ್ಡಿಯೇಬಿಟ್ಟಳು. ಆಮೇಲೆ ವಳಕಮದಿನ್ನಿಯಿಂದ ಅತ್ತೆ ಸೊಸೆ ಇಬ್ಬರೂ ಬಂದರು. ಮಸ್ಕಿಯಲ್ಲಿ ಅವತ್ತು ಕುಂಡದ ಮಣ್ಣು ಕೆದಕುತ್ತ ಕುಳಿತಿದ್ದವರೂ ಬಂದರು, ನನ್ನ ಮುಖ ನೋಡದೆ. ನಾನೂ ಏನೂ ಎತ್ತಾಡಲಿಲ್ಲ, ಉಡಿ ತುಂಬಿ ಕಳಿಸಿದೆ.

ಯಾರಾದರೂ ಸೆರಗು ಒಡ್ಡಿದರೆ ಸಾಕು, ಅತ್ತೆ ದಬ್ಬಣ ಎತ್ತಿಕೊಂಡು ಚೀಲದ ರಾಶಿಯ ಹಿಂದೆ ಮರೆಯಾಗುತ್ತಿದ್ದರು. ಬೇರೆಯವರ ಆರತಿಗೆ ಸರಿದ ಹಾಗೇ, ತಮ್ಮ ಅಂಗಡಿಯಲ್ಲೂ. ಆದರೆ ಬಾಯಿ ಸುಮ್ಮನಿರಬೇಕಲ್ಲ! ರಾಶಿಯ ಹಿಂದಿನಿಂದ ದನಿ ಬರುತ್ತಿತ್ತು: “ಅಕ್ಕಿ ಮೊದಲ ಹಾಕ್ಬೇಕು, ಗಿಡ ಆಮ್ಯಾಲ. ಅಷ್ಟೂ ಗೊತ್ತಿಲ್ಲ ಇದಕ್ಕ.” ಹೊರಗೆ ಬಂದು ತೋರಿಸಿ ಎಂದರೆ ಮಾತ್ರ, “ನನಗ್ಯಾಕ ಬೇಕು ಆ ಉಸಾಬರಿ” ಎಂದುಬಿಡುತ್ತಿದ್ದರು.

ಶ್ರಾವಣ ಮುಗಿಯಲು ಬಂದಿತ್ತು. ಒಂದು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ತಿರುಗಿ ಬಂದರೆ ಅಂಗಡಿಯ ಮುಂದೆ ಬಿಳಿ ಕಾರು. ಕಟ್ಟೆಯ ಕೆಳಗೆ ಗಿರಿಜಕ್ಕ ನಿಂತಿದ್ದರು. ಕಟ್ಟೆ ಮೇಲೆ ಅತ್ತೆ. ನಾನು ಪಕ್ಕದ ಮಿಲ್ಲಿನ ಗೇಟಿನ ಬಳಿಯೇ ನಿಂತೆ. ಇಬ್ಬರೂ ನನ್ನನ್ನು ನೋಡಿರಲಿಲ್ಲ.

“ಸೊಸಿ ಬ್ಯಾಂಕಿಗೆ ಹೋಗ್ಯಾಳ. ಪತ್ರಿಗೆ ಬಂದೀಯೇನವಾ?” ಅತ್ತೆ ಕೇಳುತ್ತಿದ್ದರು.

“ಹೌದ್ರಿ ಅಜ್ಜಿ. ನಂದು ಒಣಗಿ ಹೋತು. ಒಂದು ಸಸಿ ಇಲ್ಲಿ ಕಟ್ಟಿಮ್ಯಾಲ ಇಟ್ಟುಬಿಡ್ರಿ, ಒಯ್ತೀನಿ.”

“ಒಣಗಿತೋ, ನೀನಾ ಒಣಗಿಸಿದ್ಯೋ?”

ಅತ್ತೆ ಬಗ್ಗಿ ಸಾಲಿನ ಒಂದು ಸಸಿ ಎತ್ತಿದರು. ಇಟ್ಟುಬಿಡುತ್ತಾರೆ ಎಂದುಕೊಂಡೆ. ಜೀವಮಾನವಿಡೀ ಸರಿದು ನಿಂತವರು, ಇನ್ನೇನು ಮಾಡಿಯಾರು? ಓಡಿಹೋಗಿ ಕಸಿದುಕೊಳ್ಳಬೇಕು ಎನ್ನಿಸಿತು. ಅತ್ತೆ ಸಸಿಯನ್ನು ಸೊಂಟಕ್ಕೆ ಒತ್ತಿಕೊಂಡು ನೆಟ್ಟಗೆ ನಿಂತರು.

“ಕೆಳಗ ಇಟ್ಟು ಕೊಡೂದು ಈ ಅಂಗಡ್ಯಾಗ ಇಲ್ಲವಾ. ಸೊಸಿ ಬರೂತನಕ ಕುಂದ್ರು. ಇಲ್ಲಾ, ಈಗಾ ಬೇಕಂದ್ರ ಸೆರಗು ಒಡ್ಡು, ನಾ ತುಂಬತೀನಿ. ಆದ್ರ ನಾ ಆಕಿಗಿಂತ ಹಳೇ ಮುಂಡಿ. ನೋಡ್ಕೋ ಮತ್ತ.”

ಚೀಲ ಏರಿಸುತ್ತಿದ್ದ ಹಮಾಲರು ಕೈ ನಿಲ್ಲಿಸಿ ನೋಡುತ್ತಿದ್ದರು. ಗಿರಿಜಕ್ಕ ಒಮ್ಮೆ ರಸ್ತೆಯ ಕಡೆ ನೋಡಿದರು, ಒಮ್ಮೆ ಕಾರಿನ ಕಡೆ. ಸಸಿಯ ಕಡೆ ನೋಡಿದರು. ಕೊನೆಗೆ ಸೆರಗಿನ ಎರಡು ತುದಿ ಹಿಡಿದು ಒಡ್ಡಿದರು.

ಅವರು ಬಗ್ಗಿದರು ಎಂಬ ಸಂತೋಷ ನನಗೆ ಆಮೇಲೆ ಆಯಿತು, ಚೆನ್ನಾಗಿಯೇ ಆಯಿತು. ಆ ಹೊತ್ತಿಗೆ ಮಾತ್ರ ನನ್ನ ಕಣ್ಣು ಇದ್ದದ್ದು ಅತ್ತೆಯ ಕೈ ಮೇಲೆ. ಸಸಿಯನ್ನು ಸಾಲಿಗೆ ಮರಳಿಸಿ, ದಬ್ಬಣ ಚುಚ್ಚಿ ಚುಚ್ಚಿ ಗಂಟುಗಂಟಾದ ಆ ಕೈಗಳನ್ನು ಅವರು ಕೊಡದಲ್ಲಿದ್ದ ನೀರಿನಿಂದ ತೊಳೆದು, ಉಡಿಗೆ ಬೇಕಾದ ಐದು ಬೊಗಸೆ ಅಕ್ಕಿಯನ್ನು ಒಂದೊಂದಾಗಿ ಎತ್ತಿ, ಜೋರಾಗಿ ಎಣಿಸುತ್ತ ಹಾಕತೊಡಗಿದರು. ಒಂದು. ಎರಡು. ಮಿಲ್ಲಿನ ಸದ್ದಿನಲ್ಲೂ ನನಗೆ ಕೇಳುತ್ತಿತ್ತು. ನಾಲ್ಕು ಎಂದವರು ಅಕ್ಕಿ ಡಬ್ಬಿಯೊಳಗೆ ಕೈಯಾಡಿಸಿ ತಲೆ ಎತ್ತಿದರು. ಆಗ ಗೇಟಿನ ಬಳಿ ನಿಂತಿದ್ದ ನಾನು ಕಣ್ಣಿಗೆ ಬಿದ್ದೆ.

“ಏನ್ ಕಂಬ ನಿಂತಂಗ ನಿಂತೀಯಲೇ ನೀಲಾ?” ಎಂದು ರಸ್ತೆಗೆಲ್ಲ ಕೇಳುವ ಹಾಗೆ ಗದರಿದರು. “ಅಕ್ಕಿ ಮುಗದೈತಿ. ಐದನೇದು ನಾ ಇನ್ನೂ ಹಾಕಬೇಕು, ಜಲ್ದಿ ತಗೊಂಬಾ!”